ಅಭಿಪ್ರಾಯಪ್ರಬಂಧ: ನಂಬಿಕೆಯೂ ನಿಜವೂ

ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಪರದೇಶಕ್ಕೆ ಹೋಗಲೆಂದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾಪರೀಕ್ಷೆಗೆ ಕೂಡುವ ನಮ್ಮ ತರುಣ ತರುಣಿಯರಲ್ಲಿ, ಪರೀಕ್ಷಕರಿಗೆ ಪ್ರಿಯವಾದ ಅಭಿಪ್ರಾಯ ಯಾವುದೆಂದು ಊಹಿಸಿ ಅದನ್ನೇ ಬರೆದವರಿಗೆ ಹೆಚ್ಚು ಅಂಕ ದೊರೆಯುವುದೆಂಬ ನಂಬಿಕೆ ಬಲವಾಗಿ ಬೇರೂರಿದೆ. ಇದು ನಿರಾಧಾರವಾದುದು. ಹೇಳಿಕೆಯೊಂದನ್ನು ಮುಂದಿಟ್ಟು ಅದನ್ನು ಎಷ್ಟರಮಟ್ಟಿಗೆ ಒಪ್ಪುವಿರೆಂದು ಕೇಳುವ ಪ್ರಶ್ನೆಗೆ ಒಪ್ಪಿಯೂ ಬರೆಯಬಹುದು, ಅಲ್ಲಗಳೆದೂ ಬರೆಯಬಹುದು, ಭಾಗಶಃ ಒಪ್ಪಿಯೂ ಬರೆಯಬಹುದು. ಪರೀಕ್ಷಕರು ನೋಡುವುದು ಪ್ರಶ್ನೆಗೆ ಕೊಟ್ಟ ಉತ್ತರದ ಪೂರ್ಣತೆ, ವಿಚಾರಗಳ ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ಶುದ್ಧಿ ಎಂಬ ನಾಲ್ಕನ್ನು; ನಾಲ್ಕಕ್ಕೂ ತೂಕ ಸಮಾನ.

ಎರಡು ಪಕ್ಷಗಳನ್ನೂ ಸರಿಸಮನಾಗಿ ತೂಗಿ, ತನ್ನ ನಿಲುವನ್ನು ಕಡೆಯ ವಾಕ್ಯದವರೆಗೂ ಬಚ್ಚಿಟ್ಟುಕೊಳ್ಳುವುದೇ ಗಾಂಭೀರ್ಯದ ಲಕ್ಷಣವೆಂದು ಭಾವಿಸುವವರೂ ಉಂಟು. ಎರಡೂ ವಾದಗಳನ್ನು ಚರ್ಚಿಸಿರೆಂದು ಪ್ರಶ್ನೆಯೇ ಕೇಳಿದಾಗ ಎರಡನ್ನೂ ಬರೆಯಲೇಬೇಕು. ಆದರೆ ಲೇಖಕನ ನಿಲುವು ಮೊದಲಿನಿಂದ ತುದಿಯವರೆಗೆ ಸ್ಪಷ್ಟವಾಗಿ ಕಾಣುವುದು ಮೇಲಿನ ಶ್ರೇಣಿಗಳಿಗೆ ಅವಶ್ಯಕ. ಕೆನಡಾದ ಸೆಲ್ಪಿಪ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಂತೂ ಇದು ಇನ್ನೂ ನೇರವಾದುದು: ಸಮೀಕ್ಷೆಯ ರೂಪದಲ್ಲಿ ಕೊಟ್ಟ ಎರಡು ಆಯ್ಕೆಗಳಲ್ಲಿ ಒಂದನ್ನು ಹಿಡಿದು, 26 ನಿಮಿಷಗಳಲ್ಲಿ, 150ರಿಂದ 200 ಪದಗಳೊಳಗೆ ಸಮರ್ಥಿಸಬೇಕು.

ಇವೆಲ್ಲಕ್ಕಿಂತ ಹಾನಿಕರವೆಂದು ನನಗೆ ತೋರುವುದು, ಅಂಕಿ ಅಂಶಗಳಿಲ್ಲದ ವಾದವು ದುರ್ಬಲವೆಂಬ ಭ್ರಮೆ. ಇದರಿಂದಾಗಿ ಪ್ರಾಮಾಣಿಕರಾದ ವಿದ್ಯಾರ್ಥಿಗಳು ಸಹ ಇಲ್ಲದ ಸಂಶೋಧನೆಗಳನ್ನೂ ಕೇಳರಿಯದ ಶೇಕಡಾವಾರುಗಳನ್ನೂ ಕಲ್ಪಿಸಿ ಬರೆಯುತ್ತಾರೆ. ಪ್ರಶ್ನಪತ್ರಿಕೆಯಾದರೋ ನಿಮ್ಮ ಜ್ಞಾನದಿಂದ ಅಥವಾ ಅನುಭವದಿಂದ ಉದಾಹರಣೆ ಕೊಡಿರೆಂದು ಸ್ಪಷ್ಟವಾಗಿ ಹೇಳುತ್ತದೆ. ನಗರದ ಬಸ್ ಪ್ರಯಾಣ ಎಲ್ಲರಿಗೂ ಉಚಿತವಾಗಬೇಕೇ ಎಂಬ ಪ್ರಶ್ನೆ ಬಂದಿದೆಯೆನ್ನೋಣ. ಉಚಿತ ಬಸ್ಸಿನಿಂದ ಜನರಿಗೆ ಬಹಳ ಪ್ರಯೋಜನವೆಂಬ ಒಂದೇ ಮಾತನ್ನು ಮೂರು ಬಗೆಯಾಗಿ ಹೇಳಿದರೆ ವಾದ ಬೆಳೆಯುವುದಿಲ್ಲ. 2023ರ ಜೂನ್ ತಿಂಗಳಲ್ಲಿ ಕರ್ನಾಟಕದಲ್ಲಿ ಶಕ್ತಿ ಯೋಜನೆ ಆರಂಭವಾಗಿ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹಣ ತಪ್ಪಿದ ಮೇಲೆ, ದಿನವೂ ಎರಡು ಬಸ್ಸು ಬದಲಿಸಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ತನ್ನ ಅತ್ತೆಯ ಕೈಯಲ್ಲಿ ಉಳಿದ ದುಡ್ಡು ಮಗುವಿನ ಟ್ಯೂಷನ್ನಿಗೆ ಹೋಯಿತೆಂದು, ಆದುದರಿಂದ ಬಸ್ಸಿನ ದರವು ಬಡವರ ಮಕ್ಕಳ ಶಿಕ್ಷಣಕ್ಕೂ ಸಂಬಂಧಿಸಿದ್ದೆಂದು ಒಬ್ಬಳು ಬರೆದರೆ, ಅಲ್ಲಿ ಕಾರಣವೂ ಇದೆ, ನಿದರ್ಶನವೂ ಇದೆ, ಅವೆರಡರಿಂದ ಹೊಮ್ಮಿದ ನಿರ್ಣಯವೂ ಇದೆ.

ಕ್ಲಿಷ್ಟಪದಗಳೇ ಪಾಂಡಿತ್ಯವೆಂಬ ಎಣಿಕೆಯೂ ಸರಿಯಲ್ಲ. ಸ್ಥಾನವರಿತು ಬಂದ ಸರಳಪದಕ್ಕೆ ಅಂಕ ಉಂಟು. ಅರ್ಥಕ್ಕೆ ಹೊಂದದ ದೊಡ್ಡ ಪದದಿಂದ ನಷ್ಟ. ಕಂಠಪಾಠ ಮಾಡಿಕೊಂಡು ಬಂದ ಪೀಠಿಕೆಗಳನ್ನು ಪರೀಕ್ಷಕರು ಕೂಡಲೇ ಗುರುತಿಸುವರು. ಅವು ಅಭ್ಯರ್ಥಿಯ ಸ್ವಂತ ಭಾಷೆಯೆಂದು ಪರಿಗಣಿತವಾಗುವುದಿಲ್ಲ.

ಉದ್ದ ಬರೆದಷ್ಟೂ ಲಾಭವೆಂದುಕೊಂಡು ನಾನೂರು ಪದಗಳ ಬೆನ್ನುಹತ್ತುವವರು ತಿದ್ದುವ ಸಮಯವನ್ನು ಕಳೆದುಕೊಳ್ಳುತ್ತಾರೆ. ಐಇಎಲ್‌ಟಿಎಸ್ ಪ್ರಬಂಧಕ್ಕೆ ಬೇಕಾದುದು ಕನಿಷ್ಠ 250 ಪದ. ಬರವಣಿಗೆಯ ಎರಡು ಪ್ರಶ್ನೆಗಳಿಗೆ ಸಿಗುವ ಒಂದು ಗಂಟೆಯಲ್ಲಿ ಇದಕ್ಕೆ 40 ನಿಮಿಷ ಮೀಸಲಿಡುವುದು ಉಚಿತ, ಏಕೆಂದರೆ ಈ ಪ್ರಶ್ನೆಯ ತೂಕ ಮೊದಲನೆಯದರ ಇಮ್ಮಡಿ. ಕೊನೆಯ ಕೆಲವು ನಿಮಿಷಗಳಲ್ಲಿ ನಾಮಪದಗಳ ಹಿಂದಿನ ‘ಎ’, ‘ದಿ’ಗಳನ್ನು ವಿಶೇಷವಾಗಿ ನೋಡಿಕೊಳ್ಳಬೇಕು, ಕನ್ನಡದಲ್ಲಿ ಅಂಥವು ಇಲ್ಲವಾದ್ದರಿಂದ ಅವು ಬಿಟ್ಟುಹೋದದ್ದು ನಮ್ಮವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.