ಸೂಜಿ, ದಾರ ಮತ್ತು ಬೆಳಕು

ವಿದ್ಯುತ್ ಹರಿಯುವ ದಾರದಿಂದ ಬಟ್ಟೆಯ ಮೇಲೆ ಸರ್ಕ್ಯೂಟ್ ಹೊಲಿದು ಪುಟ್ಟ ಎಲ್‌ಇಡಿ ದೀಪಗಳನ್ನು ಬೆಳಗಿಸುವ ಕುಶಲಕಲೆ ಇ-ಟೆಕ್ಸ್‌ಟೈಲ್‌ನ ಒಂದು ಭಾಗ. ಇಲ್ಲಿ ಹೊಲಿಗೆಯೇ ತಂತಿ. ಹಾಗಾಗಿ ಹೊಲಿಗೆ ಎಷ್ಟು ಬಿಗಿಯಾಗಿ, ಅಚ್ಚುಕಟ್ಟಾಗಿ ಇರುತ್ತದೋ ದೀಪವೂ ಅಷ್ಟೇ ಸ್ಥಿರವಾಗಿ ಉರಿಯುತ್ತದೆ. ಕೈಹೊಲಿಗೆ ಬಲ್ಲವರು ಎಲೆಕ್ಟ್ರಾನಿಕ್ಸ್ ಕಲಿಯಲು ಇದು ಬಹಳ ಒಳ್ಳೆಯ ದಾರಿ.

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮ್ಯಾಗಿ ಆರ್ತ್, ರೆಹ್ಮಿ ಪೋಸ್ಟ್ ಮೊದಲಾದವರು 1990ರ ದಶಕದ ಕೊನೆಯಲ್ಲಿ ಈ ಬಗೆಯ ಪ್ರಯೋಗಗಳನ್ನು ನಡೆಸಿದರು. ಎಳೆಗಳಿಗೆ ಲೋಹದ ತೆಳು ಹಾಳೆ ಸುತ್ತಿ ಭಾರತದಲ್ಲಿ ನೇಯುವ ರೇಷ್ಮೆ ಆರ್ಗಂಜಾ ಅವರು ಬಳಸಿದ ಬಟ್ಟೆಗಳಲ್ಲಿ ಒಂದು. 2007ರಲ್ಲಿ ಲಿಯಾ ಬ್ಯೂಕ್ಲಿ ರೂಪಿಸಿದ ‘ಲಿಲಿಪ್ಯಾಡ್ ಆರ್ಡುಯಿನೊ’ ಮಾರುಕಟ್ಟೆಗೆ ಬಂತು. ಅಂಚಿನುದ್ದಕ್ಕೂ ತೂತುಗಳಿದ್ದ ಈ ಗುಂಡನೆಯ ಬೋರ್ಡನ್ನು ಬಟ್ಟೆಗೆ ಹೊಲಿಯಬಹುದಿತ್ತು.

ಹೊಸಬರಿಗೆ ಬೋರ್ಡಾಗಲಿ ಪ್ರೋಗ್ರಾಂ ಆಗಲಿ ಬೇಕಿಲ್ಲ. ಫೆಲ್ಟ್ ಬಟ್ಟೆ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಬೆಳ್ಳಿ ಲೇಪಿತ ನೈಲಾನ್ ದಾರ, ಎಲ್‌ಇಡಿ, 3 ವೋಲ್ಟ್‌ನ ಸಿಆರ್2032 ಬಟನ್ ಸೆಲ್ ಮತ್ತು ಅದನ್ನು ಕೂರಿಸುವ ಹೋಲ್ಡರ್ ಇದ್ದರೆ ಸಾಕು. ಪ್ಲಾಸ್ಟಿಕ್ ಲೇಪನದ ಅಗ್ಗದ ಜರಿ ಹೊಳೆದರೂ ಸಾಮಾನ್ಯವಾಗಿ ವಿದ್ಯುತ್ ಹರಿಸುವುದಿಲ್ಲ. ಆದ್ದರಿಂದ ದಾರವನ್ನು ಮಲ್ಟಿಮೀಟರ್‌ನಲ್ಲಿ ಪರೀಕ್ಷಿಸುವುದು ಒಳ್ಳೆಯದು.

ಮೊದಲ ಕೆಲಸಕ್ಕೆ ಒಂದೇ ದೀಪದ ಬ್ಯಾಡ್ಜ್ ಸೂಕ್ತ. ಎಲ್‌ಇಡಿಯ ಉದ್ದ ಕಾಲು ಧನ, ಗಿಡ್ಡ ಕಾಲು ಋಣ. ಧನದ ಕಾಲನ್ನು ಇಕ್ಕಳದಿಂದ ಗುಂಡಗೆ, ಋಣದ ಕಾಲನ್ನು ಚೌಕಾಕಾರವಾಗಿ ಸುತ್ತಿದರೆ ಹೊಲಿಯಲು ಕುಣಿಕೆಯೂ ಆಗುತ್ತದೆ, ಗುರುತೂ ಉಳಿಯುತ್ತದೆ. ನಕ್ಷೆಯನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ಬಳಿಕ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಹೋಲ್ಡರ್‌ನ ಧನ ತೂತಿನಲ್ಲಿ ಮೂರು-ನಾಲ್ಕು ಸಲ ದಾರ ಸುತ್ತಿ ಬಿಗಿಗೊಳಿಸಿ, ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ ಎಲ್‌ಇಡಿಯ ಧನ ಕುಣಿಕೆಗೆ ತಲುಪಿಸಿ ಗಂಟು ಹಾಕಿ ಕತ್ತರಿಸಬೇಕು. ಋಣದ ಸಾಲಿಗೆ ಬೇರೆಯದೇ ದಾರ ಬೇಕು.

ಎರಡನೆಯ ಕೆಲಸವಾಗಿ ಹಲವು ದೀಪಗಳ ಕೈಪಟ್ಟಿ ಹೊಲಿಯಬಹುದು. ದೀಪಗಳನ್ನು ಸಮಾಂತರವಾಗಿ ಜೋಡಿಸಬೇಕು, ಅಂದರೆ ಎಲ್ಲ ಧನ ಕುಣಿಕೆಗಳು ಒಂದು ಸಾಲಿಗೆ, ಎಲ್ಲ ಋಣ ಕುಣಿಕೆಗಳು ಇನ್ನೊಂದು ಸಾಲಿಗೆ ಬರಬೇಕು. ದೀಪಗಳು ಒಂದೇ ಬಣ್ಣದವಾಗಿರಲಿ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿ ಮತ್ತು ನೀಲಿಗೆ ಸುಮಾರು 3 ವೋಲ್ಟ್ ಬೇಕು. ಎರಡನ್ನೂ ಬೆರೆಸಿದರೆ ಕೆಂಪು ದೀಪವೇ ಹೆಚ್ಚಿನ ವಿದ್ಯುತ್ತನ್ನು ಸೆಳೆದುಕೊಂಡು ಬಿಳಿಯದು ಮಂಕಾಗುತ್ತದೆ ಅಥವಾ ಉರಿಯುವುದೇ ಇಲ್ಲ. ಲೋಹದ ಟಿಚ್ ಬಟನ್ ಇಲ್ಲಿ ಸ್ವಿಚ್ ಆಗುತ್ತದೆ. ಅದರ ಒಂದು ಅರ್ಧವನ್ನು ದೀಪಗಳ ಋಣ ಸಾಲಿಗೂ ಇನ್ನೊಂದನ್ನು ಸೆಲ್‌ನ ಋಣ ತುದಿಗೂ ಹೊಲಿದರೆ, ಪಟ್ಟಿ ಕಟ್ಟಿಕೊಂಡಾಗ ದೀಪ ಹತ್ತುತ್ತದೆ, ಬಿಚ್ಚಿದಾಗ ಆರುತ್ತದೆ.

ದೀಪ ಹತ್ತದಿದ್ದರೆ ಮೊದಲು ಧನ-ಋಣ ಅದಲುಬದಲಾಗಿದೆಯೇ ಎಂದು ನೋಡಬೇಕು. ಮಿನುಗುತ್ತಿದ್ದರೆ ತೂತುಗಳ ಬಳಿ ಹೊಲಿಗೆ ಸಡಿಲವಾಗಿದೆ ಎಂದರ್ಥ. ಈ ದಾರಕ್ಕೆ ತಾಮ್ರದ ತಂತಿಗಿಂತ ರೋಧ ಹೆಚ್ಚು; ಸಾಲು ಉದ್ದವಾದಷ್ಟೂ ಬೆಳಕು ಕುಗ್ಗುತ್ತದೆ. ಎರಡು ಸಾಲುಗಳು ಅಥವಾ ದಾರದ ಬಾಲಗಳು ಪರಸ್ಪರ ತಾಗಿದರೆ ಶಾರ್ಟ್ ಆಗಿ ಸೆಲ್ ಬಿಸಿಯಾಗುತ್ತದೆ, ಬೇಗ ಮುಗಿಯುತ್ತದೆ. ಗಂಟಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಬಳಿಕ ಬಾಲವನ್ನು ಕತ್ತರಿಸಬೇಕು. ಸಾಲುಗಳು ದಾಟಲೇಬೇಕಾದ ಕಡೆ ನಡುವೆ ಫೆಲ್ಟ್ ತುಂಡು ಇಡಬೇಕು.

ಒಗೆಯುವ ಮುನ್ನ ಸೆಲ್ ತೆಗೆದು, ಕೈಯಲ್ಲೇ ಮೃದುವಾಗಿ ಒಗೆದು, ಪೂರ್ತಿ ಒಣಗಿಸಿದ ಮೇಲೆಯೇ ಮತ್ತೆ ಹಾಕಬೇಕು. ಬಟನ್ ಸೆಲ್ ಪುಟ್ಟ ಮಕ್ಕಳ ಕೈಗೆ ಸಿಗಲೇಬಾರದು. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಮಗುವನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.