ಮೇಟಿ ವಿದ್ಯೆಯ ಪಾಠಶಾಲೆ

ವೈದ್ಯನಾಗಬೇಕಾದವನು ಹಲವು ವರ್ಷ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಬೇಕು. ವಕೀಲನಾಗಬೇಕಾದವನು ನ್ಯಾಯಶಾಸ್ತ್ರದ ಪರೀಕ್ಷೆಯನ್ನು ದಾಟಬೇಕು. ರೈತನಾಗುವುದಕ್ಕೆ ಮಾತ್ರ ರೈತನ ಮನೆಯಲ್ಲಿ ಹುಟ್ಟಿದರೆ ಸಾಕೆಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲ ಬೇರೂರಿತ್ತು. ತಂದೆಯ ಹಿಂದೆ ನೇಗಿಲ ಸಾಲಿನಲ್ಲಿ ನಡೆದ ಹುಡುಗ ಮಳೆ ನಕ್ಷತ್ರಗಳ ಲೆಕ್ಕವನ್ನೂ ಮಣ್ಣಿನ ಹದವನ್ನೂ ತಾನಾಗಿಯೇ ಕಲಿಯುತ್ತಿದ್ದನು. ಆ ವಿದ್ಯೆ ಅಲ್ಪವಾದುದಲ್ಲ. ಆದರೆ ಹಿರಿಯರು ಕಂಡರಿಯದ ರೋಗ ಬೆಳೆಗೆ ತಗುಲಿದಾಗ, ಅವರು ಮುಟ್ಟಿರದ ಯಂತ್ರ ಹೊಲಕ್ಕೆ ಇಳಿದಾಗ, ಬಳುವಳಿಯಾಗಿ ಬಂದ ತಿಳಿವಳಿಕೆಯೊಂದೇ ಸಾಲದೆ ಹೋಗುತ್ತದೆ. ಮೇಟಿ ವಿದ್ಯೆಗೂ ಒಂದು ಪಾಠಶಾಲೆ ಬೇಕಾದುದು ಹೀಗೆ.

ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯಕ್ಕೆ ನಾಂದಿಯಾದುದು ಬೆಂಗಳೂರಿನ ಹೆಬ್ಬಾಳದಲ್ಲಿ. ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಔದಾರ್ಯದಿಂದ 1899ರಲ್ಲಿ ಅಲ್ಲಿ 30 ಎಕರೆ ಭೂಮಿಯಲ್ಲಿ ಕೃಷಿ ಪ್ರಯೋಗಗಳು ಮೊದಲಾದವು. ರಸಾಯನ ವಿಜ್ಞಾನಿ ಡಾಕ್ಟರ್ ಲೇಮನ್ನರು ಮಣ್ಣನ್ನೂ ಬೆಳೆಯನ್ನೂ ಪರೀಕ್ಷಿಸುವ ಕೆಲಸವನ್ನು ಕೈಗೊಂಡರು. ಕೃಷಿ ಶಾಲೆ 1913ರಲ್ಲಿ ಪ್ರಾರಂಭವಾಯಿತು. ಅದೇ 1946ರಲ್ಲಿ ಕಾಲೇಜಾಗಿ ಬೆಳೆಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೇ ಉದಯಿಸಿತು. ಉತ್ತರದಲ್ಲಿ ಧಾರವಾಡದ ಕೃಷಿ ಕಾಲೇಜು 1947ರಲ್ಲಿ ಬಾಗಿಲು ತೆರೆದಿತ್ತು.

ಕೃಷಿ ಶಾಸ್ತ್ರದ ಅಭ್ಯಾಸದಿಂದ ರೈತನಿಗೆ ಆಗುವ ಪ್ರಯೋಜನವೇನೆಂದು ಶಂಕಿಸುವವರು ಮಲೆನಾಡಿನ ಅಡಿಕೆ ತೋಟವನ್ನು ನೋಡಬೇಕು. ಮುಂಗಾರಿನಲ್ಲಿ ಎಳೆಯ ಕಾಯಿಗಳನ್ನು ಉದುರಿಸುವ ಕೊಳೆರೋಗಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಒಂದೇ: ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದು. 1908ರಲ್ಲಿ ಕೆನಡ ದೇಶದಿಂದ ಬಂದ ಲೆಸ್ಲಿ ಕೋಲ್ಮನ್ನರು ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿ, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಒಂದು ಶತಮಾನ ಕಳೆದರೂ ತೋಟಗಾರರು ಅದನ್ನು ಕೈಬಿಟ್ಟಿಲ್ಲ. ಆದರೆ ದ್ರಾವಣವನ್ನು ಮರದ ತುದಿಗೆ ಮುಟ್ಟಿಸಿದವನು ಕೊನೆಗಾರ. ಅವನ ತೋಳ್ಬಲವೂ ಧೈರ್ಯವೂ ಇಲ್ಲದಿದ್ದರೆ ವಿಜ್ಞಾನಿಯ ಶೋಧ ಪುಸ್ತಕದಲ್ಲಿಯೇ ಉಳಿಯುತ್ತಿತ್ತು. ಶಾಸ್ತ್ರಕ್ಕೂ ಕೈಗೆಲಸಕ್ಕೂ ಬಿಡಲಾರದ ನಂಟಿದೆ ಎಂಬುದೇ ಇಲ್ಲಿಯ ಪಾಠ.

ಈ ನಂಟನ್ನು ತಮ್ಮ ಬಾಳಿನಲ್ಲಿಯೇ ತೋರಿಸಿಕೊಟ್ಟವರು ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಸಿ. ಎಚ್. ಲಕ್ಷ್ಮಣಯ್ಯನವರು. ರಾಗಿಯ ಹೂ ಬಹು ಸಣ್ಣದು. ತನ್ನ ಪರಾಗದಿಂದ ತಾನೇ ಕಾಳುಗಟ್ಟುವ ಸ್ವಭಾವ ಅದರದು. ಒಂದು ತಳಿಗೆ ಇನ್ನೊಂದನ್ನು ಕೂಡಿಸುವುದೆಂದರೆ ಕಣ್ಣಿಗೂ ಕೈಗೂ ತಾಳ್ಮೆಗೂ ಪರೀಕ್ಷೆ. ಅಂಥ ಬೆಳೆಯಲ್ಲಿ ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಸಂಕರಗೊಳಿಸಿ, ಸಂತತಿಯಲ್ಲಿ ಉತ್ತಮವಾದುದನ್ನು ವರ್ಷವರ್ಷವೂ ಆಯ್ದು, ಅವರು ‘ಇಂಡಾಫ್’ ತಳಿಗಳನ್ನು ರೈತರ ಕೈಗಿತ್ತರು. ಜನರು ಅವರನ್ನು ‘ರಾಗಿ ಬ್ರಹ್ಮ’ ಎಂದು ಕರೆದರು. ಮುದ್ದೆಯುಣ್ಣುವ ಬಡವನ ಮನೆಯ ಕಣಜ ತುಂಬಿಸಿದವರಿಗೆ ಇದಕ್ಕಿಂತ ಹಿರಿದಾದ ಬಿರುದು ಬೇರೆ ಯಾವುದಿದೆ?

ಇಂದು ಕೃಷಿ ಪದವಿಗೆ ಸೇರಬಯಸುವ ರೈತರ ಮಕ್ಕಳಿಗೆ ಕರ್ನಾಟಕದಲ್ಲಿ ಪ್ರತ್ಯೇಕ ಸ್ಥಾನಗಳಿವೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಉಪಕರಣಗಳನ್ನು ಮುಂದಿಟ್ಟು ಗುರುತಿಸಲು ಕೇಳುತ್ತಾರೆ. ಮನೆಯ ಹಟ್ಟಿಯಲ್ಲಿಯೂ ಹೊಲದ ಬದುವಿನಲ್ಲಿಯೂ ಕಲಿತುದಕ್ಕೆ ಅಂಕ ಕೊಡುವ ಪರೀಕ್ಷೆ ನಮ್ಮ ವಿದ್ಯಾಪದ್ಧತಿಯಲ್ಲಿ ಅಪರೂಪವೆಂದೇ ಹೇಳಬೇಕು. ನಾಲ್ಕು ವರ್ಷಗಳ ವ್ಯಾಸಂಗದಲ್ಲಿ ಮಣ್ಣಿನ ವಿಜ್ಞಾನ, ತಳಿಶಾಸ್ತ್ರ, ಕೀಟಶಾಸ್ತ್ರ, ಕೃಷಿ ಅರ್ಥಶಾಸ್ತ್ರಗಳೆಲ್ಲ ಬರುತ್ತವೆ. ಆದರೆ ಅದರ ತಿರುಳಿರುವುದು ಕೊನೆಯ ವರ್ಷದ ಗ್ರಾಮವಾಸದಲ್ಲಿ. ವಿದ್ಯಾರ್ಥಿಗಳು ತಂಡತಂಡವಾಗಿ ಹಳ್ಳಿಯಲ್ಲಿ ನೆಲಸುತ್ತಾರೆ. ಊರ ಮುಂದಿನ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆಯನ್ನು ಬರೆಯುತ್ತಾರೆ. ಕೆರೆಯೆಲ್ಲಿ, ಗುಡಿಯೆಲ್ಲಿ, ಮಸಾರಿ ಭೂಮಿಯೆಲ್ಲಿ ಎಂದು ಗ್ರಾಮಸ್ಥರೇ ತಿದ್ದುತ್ತಾರೆ. ಹೊಲದ ಹಲವು ಕಡೆ ‘ವಿ’ ಆಕಾರದ ಗುಂಡಿ ತೋಡಿ, ಮಣ್ಣನ್ನು ಬೆರೆಸಿ, ನಾಲ್ಕು ಪಾಲು ಮಾಡಿ ಎರಡನ್ನು ಬಿಡುತ್ತ ಬಂದು, ಕೊನೆಗೆ ಅರ್ಧ ಕಿಲೋ ಮಾದರಿಯನ್ನು ಉಳಿಸಿಕೊಳ್ಳುವ ಕ್ರಮವನ್ನು ವಿದ್ಯಾರ್ಥಿ ರೈತನಿಗೆ ತೋರಿಸುತ್ತಾನೆ. ಮೋಡ ನೋಡಿ ಬಿತ್ತನೆಯ ದಿನ ನಿಶ್ಚಯಿಸುವುದನ್ನು ರೈತನು ವಿದ್ಯಾರ್ಥಿಗೆ ತೋರಿಸುತ್ತಾನೆ. ಅಲ್ಲಿ ಗುರು ಯಾರು, ಶಿಷ್ಯ ಯಾರು ಎಂದು ಹೇಳುವುದು ಕಷ್ಟ.

ಯಂತ್ರಗಳ ಕಾಲದಲ್ಲಿಯೂ ಈ ಮಾತು ಸುಳ್ಳಾಗಿಲ್ಲ. ಔಷಧ ಸಿಂಪಡಿಸುವ ಡ್ರೋನುಗಳು ಹೊಲದ ಮೇಲೆ ಹಾರುತ್ತಿವೆ. 2021ರ ನಿಯಮಗಳಂತೆ ಇವುಗಳ ಚಾಲಕನಾಗಲು ಹದಿನೆಂಟು ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಮುಗಿದಿರಬೇಕು, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಆಗಿರಬೇಕು. 2023ರಲ್ಲಿ ಕೇಂದ್ರ ಸರ್ಕಾರ ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನುಗಳನ್ನು ಒದಗಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಹಳ್ಳಿಯ ಹೆಣ್ಣುಮಗಳಿಗೆ ಇದೊಂದು ಹೊಸ ವೃತ್ತಿ. ಆದರೆ ಯಂತ್ರವನ್ನು ಹಾರಿಸಲು ಬಂದ ಮಾತ್ರಕ್ಕೆ ವಿದ್ಯೆ ಪೂರ್ಣವಾಗದು. ಯಾವ ಕೀಟಕ್ಕೆ ಯಾವ ಔಷಧ, ಎಷ್ಟು ಪ್ರಮಾಣ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದನ್ನು ಅರಿಯದವರ ಕೈಯಲ್ಲಿ ಅದು ನೆರೆಯ ಹೊಲಕ್ಕೆ ವಿಷ ಸುರಿಯುವ ಸಾಧನವಾದೀತು.

ಒಂದು ಕೊರತೆಯನ್ನು ಇಲ್ಲಿ ಮುಚ್ಚಿಡುವಂತಿಲ್ಲ. ಕೃಷಿ ಪದವೀಧರರಲ್ಲಿ ಅನೇಕರು ಬ್ಯಾಂಕುಗಳಿಗೂ ಸರ್ಕಾರಿ ಕಚೇರಿಗಳಿಗೂ ಹೋಗುತ್ತಾರೆ. ತಂದೆಯ ಹೊಲಕ್ಕೆ ಮರಳುವವರು ವಿರಳ. ಅವರನ್ನು ದೂಷಿಸುವುದು ನ್ಯಾಯವಲ್ಲ. ಮಳೆಯನ್ನೂ ಪೇಟೆಯ ಧಾರಣೆಯನ್ನೂ ನಂಬಿ ತಂದೆ ಪಟ್ಟ ಬವಣೆಯನ್ನು ಅವರು ಕಣ್ಣಾರೆ ಕಂಡವರು. ಮಗ ಓದಿ ನೆಮ್ಮದಿಯ ಸಂಬಳ ತರಲೆಂದು ಹಾರೈಸಿದವನೂ ಆ ತಂದೆಯೇ. ಬೆಳೆದುದಕ್ಕೆ ತಕ್ಕ ಬೆಲೆ ದೊರೆಯುವವರೆಗೂ ಈ ಹರಿವು ತಿರುಗಲಾರದು. ಆದರೂ ಕಚೇರಿಯಲ್ಲಿ ಕುಳಿತ ಕೃಷಿ ಪದವೀಧರನು ತನ್ನ ಮೇಜಿಗೆ ಬಂದ ಸಾಲದ ಅರ್ಜಿಯ ಹಿಂದೆ ಒಂದು ಹೊಲವನ್ನು ಕಾಣಬಲ್ಲವನಾದರೆ, ಆ ಹೊಲದ ಮಣ್ಣಿನ ಗುಣವನ್ನು ಊಹಿಸಬಲ್ಲವನಾದರೆ, ಅವನ ವಿದ್ಯೆ ವ್ಯರ್ಥವಾಗಿಲ್ಲ. ಹಳ್ಳಿಯಲ್ಲಿ ಕಳೆದ ಆ ಕೆಲವು ತಿಂಗಳು ಅವನಿಗೆ ಅಷ್ಟನ್ನಾದರೂ ಕಲಿಸಿರಬೇಕು.