ಗುಟ್ಟು ಕಾಯುವ ಕೀಲಿ

ತನ್ನ ಮಾತು ತಲುಪಬೇಕಾದವರಿಗಷ್ಟೇ ತಿಳಿಯಬೇಕು, ಉಳಿದವರ ಕಣ್ಣಿಗೆ ಬಿದ್ದರೂ ಅರ್ಥವಾಗಬಾರದು ಎಂಬ ಬಯಕೆ ಮಾನವನಿಗೆ ಬಹು ಹಿಂದಿನಿಂದಲೂ ಇದೆ. ಅದರಿಂದ ಹುಟ್ಟಿದುದೇ ಗೂಢಲಿಪಿ ವಿದ್ಯೆ. ಹಿಂದೆ ಅರಸರಿಗೂ ಸೇನಾಪತಿಗಳಿಗೂ ಬೇಕಾಗಿದ್ದ ಈ ವಿದ್ಯೆ ಇಂದು ಜನಸಾಮಾನ್ಯರಿಗೂ ಅನಿವಾರ್ಯವಾಗಿದೆ. ಯಲಹಂಕದ ಬಳಿಯ ಅಟ್ಟೂರಿನಲ್ಲಿ ಗೃಹಿಣಿಯೊಬ್ಬಳು ದಿನಸಿಯ ಹಣವನ್ನು ಫೋನಿನ ಮೂಲಕ ಸಲ್ಲಿಸಿದಾಗ, ಆ ಸಂದೇಶವು ಎಷ್ಟೋ ಯಂತ್ರಗಳನ್ನು ಹಾದು ಬ್ಯಾಂಕನ್ನು ಸೇರುತ್ತದೆ. ನಡುದಾರಿಯಲ್ಲಿ ಅದನ್ನು ಕಾಯುವುದು ಗೂಢಲಿಪಿಯೇ.

ಕನ್ನಡಿಗರಿಗೆ ಇಂತಹ ರಚನೆ ಹೊಸತಲ್ಲ. ಕುಮುದೇಂದು ಮುನಿಯ 'ಸಿರಿಭೂವಲಯ'ದಲ್ಲಿ ಅಕ್ಷರಗಳೇ ಇಲ್ಲ, ಇರುವುದೆಲ್ಲ ಅಂಕಗಳು. ಅಡ್ಡಕ್ಕೆ 27, ಉದ್ದಕ್ಕೆ 27, ಹೀಗೆ 729 ಮನೆಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಗಳನ್ನು ತುಂಬಲಾಗಿದೆ. ಒಂದೊಂದು ಅಂಕವೂ ಒಂದೊಂದು ಧ್ವನಿಯ ಗುರುತು. ಆದರೆ ಸಾಲಾಗಿ ಓದಿದರೆ ಅರ್ಥ ಹೊರಡದು. ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕೆಂಬ ಕ್ರಮಕ್ಕೆ 'ಬಂಧ'ವೆಂದು ಹೆಸರು. ಬಂಧವನ್ನು ಬಲ್ಲವನಿಗೆ ಅದು ಕಾವ್ಯ. ಅರಿಯದವನಿಗೆ ಬರಿಯ ಅಂಕಗಳ ರಾಶಿ. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಮೊದಲಾದವರ ಪರಿಶ್ರಮದಿಂದ ಅದರ ಒಂದು ಭಾಗ 1953ರಲ್ಲಿ ಅಚ್ಚಾಯಿತು.

ಇಲ್ಲಿ ಎರಡು ಉಪಾಯಗಳಿವೆ: ಒಂದರ ಬದಲು ಮತ್ತೊಂದನ್ನು ಇಡುವುದು, ಇಟ್ಟುದರ ಸ್ಥಾನವನ್ನು ಪಲ್ಲಟಗೊಳಿಸುವುದು. 'ಯಲಹಂಕ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಪ್ರತಿ ವ್ಯಂಜನಕ್ಕೂ ವರ್ಣಮಾಲೆಯಲ್ಲಿ ಅದರ ಮುಂದಿನದನ್ನು ಇಟ್ಟರೆ 'ರವಳಂಖ' ಎಂದಾಗುತ್ತದೆ. ಅದರ ಅಕ್ಷರಗಳನ್ನು 3, 1, 4, 2 ಎಂಬ ಕ್ರಮದಲ್ಲಿ ಬರೆದರೆ 'ಳಂರಖವ' ಆಗುತ್ತದೆ. ಈ ಗುಟ್ಟನ್ನು ಬಲ್ಲವನು ಹಿಮ್ಮುಖವಾಗಿ ನಡೆದು ಮೂಲಪದವನ್ನು ಪಡೆಯುತ್ತಾನೆ. ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ಕೀಲಿ ಸಾಕಾಗುವ ಇಂತಹ ವಿಧಾನಕ್ಕೆ ಸಮಕೀಲಿ ವಿಧಾನವೆನ್ನಬಹುದು.

ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ 'ಎಇಎಸ್' ವಿಧಾನವೂ ಈ ಜಾತಿಯದೇ. ಬೆಲ್ಜಿಯಂ ದೇಶದ ಯೋನ್ ದಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ ಇದನ್ನು ಅಮೆರಿಕವು 2001ರಲ್ಲಿ ತನ್ನ ಮಾನಕವಾಗಿ ಅಂಗೀಕರಿಸಿತು. ಇದು ಸಂದೇಶವನ್ನು 16 ಬೈಟ್‌ಗಳ, ಎಂದರೆ 128 ಬಿಟ್‌ಗಳ ಖಂಡಗಳಾಗಿ ಒಡೆದು, ಒಂದೊಂದು ಖಂಡವನ್ನೂ ನಾಲ್ಕು ಸಾಲು, ನಾಲ್ಕು ಕಂಬಗಳ ಚೌಕದಲ್ಲಿ ಇಡುತ್ತದೆ. ಮೊದಲು ಗೊತ್ತಾದ ಪಟ್ಟಿಯಂತೆ ಪ್ರತಿ ಬೈಟಿನ ಬದಲು ಬೇರೊಂದು ಬರುತ್ತದೆ. ಬಳಿಕ ಎರಡನೆಯ ಸಾಲು ಒಂದು ಮನೆ, ಮೂರನೆಯದು ಎರಡು, ನಾಲ್ಕನೆಯದು ಮೂರು ಮನೆ ಸರಿಯುತ್ತವೆ. ಆಮೇಲೆ ಪ್ರತಿ ಕಂಬದ ಬೈಟ್‌ಗಳು ಪರಸ್ಪರ ಬೆರೆಯುತ್ತವೆ. ಕೊನೆಗೆ ಕೀಲಿಯಿಂದ ಪಡೆದ ಬಿಟ್‌ಗಳನ್ನು ಕೂಡಿಸಲಾಗುತ್ತದೆ. ಈ ಕೂಡಿಕೆಯಲ್ಲಿ ಎರಡು ಬಿಟ್‌ಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1. ಅದೇ ಬಿಟ್‌ಗಳನ್ನು ಮತ್ತೊಮ್ಮೆ ಕೂಡಿಸಿದರೆ ಮೊದಲಿನದೇ ಮರಳಿ ಬರುತ್ತದೆ. 128 ಬಿಟ್ಟಿನ ಕೀಲಿಯಿದ್ದರೆ ಇಂತಹ ಆವರ್ತನಗಳು 10. ಕೊನೆಯದರಲ್ಲಿ ಮಾತ್ರ ಕಂಬಗಳ ಬೆರಕೆ ಇರುವುದಿಲ್ಲ. ಮೂಲದಲ್ಲಿ ಒಂದು ಬಿಟ್ ಬದಲಾದರೂ ಅದರ ಪರಿಣಾಮ ಇಡೀ ಖಂಡಕ್ಕೆ ಹರಡುತ್ತದೆ.

ಗಮನಿಸಬೇಕಾದ ಅಂಶವೆಂದರೆ, ಈ ವಿಧಾನದಲ್ಲಿ ಬಚ್ಚಿಟ್ಟುದು ಯಾವುದೂ ಇಲ್ಲ. ಅದರ ಪಟ್ಟಿಯನ್ನೂ ಕ್ರಮವನ್ನೂ ಯಾರು ಬೇಕಾದರೂ ಓದಬಹುದು. ಗುಟ್ಟೆಲ್ಲ ಕೀಲಿಯಲ್ಲಿಯೇ ಅಡಗಿದೆ. 1977ರಲ್ಲಿ ಮಾನಕವಾಗಿದ್ದ 'ಡಿಇಎಸ್' ವಿಧಾನದ ಕೀಲಿ 56 ಬಿಟ್ಟಿನದು. 1998ರಲ್ಲಿ ಅದಕ್ಕೆಂದೇ ಕಟ್ಟಿದ ಯಂತ್ರವೊಂದು ಕೀಲಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಮೂರು ದಿನಗಳೊಳಗೆ ಸರಿಯಾದುದನ್ನು ಕಂಡುಹಿಡಿಯಿತು. 128 ಬಿಟ್ಟಿನ ಕೀಲಿಗಳ ಸಂಖ್ಯೆಯಾದರೋ 39 ಅಂಕಿಗಳಷ್ಟು ಉದ್ದ. ಅವನ್ನೆಲ್ಲ ಪರೀಕ್ಷಿಸಿ ಮುಗಿಸುವ ಯಂತ್ರ ಇಂದಿಗೂ ಇಲ್ಲ.

ಆದರೆ ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಕೀಲಿಯನ್ನು ಹೊಸಿಲಿನ ಮೇಲೆ ಇಟ್ಟವನ ಮನೆ ಸುರಕ್ಷಿತವಲ್ಲ. ಗುಪ್ತಪದವನ್ನು ಪರರಿಗೆ ಹೇಳಿದವನನ್ನು ಯಾವ ಗಣಿತವೂ ಕಾಪಾಡಲಾರದು. ಕೀಲಿಯನ್ನು ಕಳೆದುಕೊಂಡವನಿಗೆ ತನ್ನ ಬರಹವೇ ಪರಕೀಯವಾಗುತ್ತದೆ. ಬಂಧವನ್ನು ಅರಿಯದವರ ಕೈಯಲ್ಲಿ ಭೂವಲಯದ ಅಂಕಗಳು ಮೌನವಾಗಿದ್ದುದೂ ಹೀಗೆಯೇ. ಗುಟ್ಟನ್ನು ಮರೆಮಾಡುವ ಕೆಲಸವನ್ನು ಯಂತ್ರ ಮಾಡುತ್ತದೆ. ಕೀಲಿಯನ್ನು ಕಾಯುವ ಹೊಣೆ ಮಾತ್ರ ಮನುಷ್ಯನದು.